ಸಹಿ ಸರಕಾರದ್ದು, ಒಪ್ಪಿಗೆ ಯಾರದ್ದು? – ಅಪರಾಧಿ ಹಸ್ತಾಂತರ ಒಪ್ಪಂದಗಳ ಕಥೆ



"ಇಂಥ ಆರೋಪಿಯನ್ನು ಭಾರತಕ್ಕೆ ಗಡೀಪಾರು ಮಾಡಲು ಆ ದೇಶದ ಕೋರ್ಟು ಒಪ್ಪಿತು" ಎಂಬ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಇಲ್ಲಿ ಬಳಸಿದ ಗಡೀಪಾರು ಎಂಬ ಪದವೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಗಡೀಪಾರು ಎಂದರೆ ಗಡಿಯಿಂದ ಹೊರಗೆ ಹಾಕುವುದು. ಆಮೇಲೆ ಅವನು ಎಲ್ಲಿಗೆ ಹೋದರೂ ನಮಗೆ ಚಿಂತೆಯಿಲ್ಲ. ಆದರೆ ಒಬ್ಬನನ್ನು ಹಿಡಿದು, ವಿಚಾರಣೆಗಾಗಿಯೋ ಶಿಕ್ಷೆಗಾಗಿಯೋ ಇನ್ನೊಂದು ದೇಶದ ಪೊಲೀಸರ ಕೈಗೆ ಒಪ್ಪಿಸುವುದಿದೆಯಲ್ಲ, ಅದು ಹಸ್ತಾಂತರ. ಮೊದಲನೆಯದು ಬಾಗಿಲು ತೋರಿಸುವುದು, ಎರಡನೆಯದು ಕೈ ಕಟ್ಟಿ ಒಪ್ಪಿಸುವುದು. ವ್ಯತ್ಯಾಸ ದೊಡ್ಡದು.

ಗಡಿಯಲ್ಲಿ ಬದುಕುವ ನಮಗೆ ಇದು ಬೇಗ ಅರ್ಥವಾಗಬೇಕು. ಕಾಸರಗೋಡಿನಲ್ಲಿ ಕಳವು ಮಾಡಿದವನು ತಲಪಾಡಿ ದಾಟಿ ಮಂಗಳೂರಿಗೆ ಹೋದರೆ ಅವನನ್ನು ತರಲು ಯಾವ ಒಪ್ಪಂದವೂ ಬೇಡ. ಭಾರತದ ಒಂದು ನ್ಯಾಯಾಲಯದ ವಾರಂಟು ಭಾರತದ ಎಲ್ಲಾ ಕಡೆ ನಡೆಯುತ್ತದೆ. ರಾಜ್ಯದ ಗಡಿ ಭಾಷೆಯನ್ನು ಬೇರೆ ಮಾಡಬಹುದು, ಬಸ್ಸಿನ ಬಣ್ಣ ಬೇರೆ ಮಾಡಬಹುದು, ವಾರಂಟನ್ನು ತಡೆಯುವುದಿಲ್ಲ. ಆದರೆ ಅದೇ ಮನುಷ್ಯ ವಿಮಾನ ಹತ್ತಿ ಬೇರೆ ದೇಶಕ್ಕೆ ಇಳಿದನೆಂದರೆ ನಮ್ಮ ವಾರಂಟು ಅಲ್ಲಿ ಬರೀ ಕಾಗದ. ಆಗ ಬೇಕಾಗುವುದು ಎರಡು ದೇಶಗಳ ನಡುವಿನ ಹಸ್ತಾಂತರ ಒಪ್ಪಂದ.

ಒಪ್ಪಂದಕ್ಕೆ ಸಹಿ ಹಾಕುವುದು ಸರಕಾರ, ಅಂದರೆ ಕಾರ್ಯಾಂಗ. ಹಾಗಾದರೆ ಶಾಸಕಾಂಗಕ್ಕೆ ಇಲ್ಲಿ ಏನು ಕೆಲಸ? ಜನರು ಆರಿಸಿ ಕಳಿಸಿದ ಸಭೆ ಒಪ್ಪದೆ, ಮಂತ್ರಿಯೊಬ್ಬರ ಸಹಿಯ ಬಲದಿಂದಲೇ ಒಬ್ಬ ಮನುಷ್ಯನನ್ನು ಪರದೇಶಕ್ಕೆ ಒಪ್ಪಿಸಬಹುದೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಜಗತ್ತು ಸುಮಾರು ಇನ್ನೂರು ವರ್ಷ ತೆಗೆದುಕೊಂಡಿದೆ. ಅದರ ಕಥೆಯನ್ನೇ ಈ ಸಲ ಬರೆಯುತ್ತಿದ್ದೇನೆ.

ಸಾವಿರ ದೇವರ ಸಾಕ್ಷಿ

ಓಡಿಹೋದವರನ್ನು ಹಿಂದೆ ಒಪ್ಪಿಸುವ ಪದ್ಧತಿ ಬಹಳ ಹಳೆಯದು. ಕ್ರಿ.ಪೂ. 1259ರ ಸುಮಾರಿಗೆ ಈಜಿಪ್ಟಿನ ಎರಡನೇ ರಾಮ್ಸೆಸ್ ಮತ್ತು ಹಿಟ್ಟೈಟರ ಅರಸ ಹಟ್ಟುಸಿಲಿ ಮಾಡಿಕೊಂಡ ಶಾಂತಿ ಒಪ್ಪಂದದಲ್ಲಿ ಈ ಮಾತಿದೆ. ಒಬ್ಬರ ರಾಜ್ಯದಿಂದ ಓಡಿ ಬಂದವರನ್ನು ಇನ್ನೊಬ್ಬರು ಇಟ್ಟುಕೊಳ್ಳಬಾರದು, ಹಿಂದೆ ಕಳಿಸಬೇಕು. ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹಾಗೆ ಹಿಂದೆ ಕಳಿಸಲ್ಪಟ್ಟವನ ಮನೆಯನ್ನು, ಹೆಂಡತಿ ಮಕ್ಕಳನ್ನು ಹಾಳುಮಾಡಬಾರದು, ಅವನ ಕಣ್ಣು, ಕಿವಿ, ಬಾಯಿ, ಕಾಲುಗಳಿಗೆ ಹಾನಿ ಮಾಡಬಾರದು ಎಂದೂ ಬರೆದಿದ್ದರು. ಮೂರು ಸಾವಿರ ವರ್ಷಗಳ ಹಿಂದೆಯೇ "ಒಪ್ಪಿಸುತ್ತೇವೆ, ಆದರೆ ಷರತ್ತಿದೆ" ಎಂಬ ಭಾವನೆ ಇತ್ತು!

ಆ ಒಪ್ಪಂದಕ್ಕೆ ಸಾಕ್ಷಿಯಾದವರು ಎರಡೂ ನಾಡಿನ ಸಾವಿರ ಸಾವಿರ ದೇವತೆಗಳು. ಪ್ರಜೆಗಳನ್ನು ಯಾರೂ ಕೇಳಲಿಲ್ಲ. ಮುಂದೆ ಬಹಳ ಕಾಲ ರಾಜರ ನಡುವೆ ನಡೆದದ್ದೂ ಹೀಗೆಯೇ. ಆಗ ಮುಖ್ಯವಾಗಿ ಬೇಕಾಗಿದ್ದವರು ಕಳ್ಳರಲ್ಲ, ಅರಸನ ಮೇಲೆ ದಂಗೆ ಎದ್ದವರು. ಇವತ್ತು ನಾವು ರಾಜಕೀಯ ಅಪರಾಧಿ ಎಂದು ಕರೆಯುವವರನ್ನೇ ರಾಜರು ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದರು.

ಚಾರ್ಲ್ಸ್‌ಟನ್ನಿನಲ್ಲಿ ಸಿಕ್ಕಿಬಿದ್ದ ನಾವಿಕ

ಜನಪ್ರತಿನಿಧಿಗಳ ಸಭೆ ಈ ವಿಷಯದಲ್ಲಿ ಮೊದಲ ಬಾರಿಗೆ ದೊಡ್ಡದಾಗಿ ದನಿ ಎತ್ತಿದ್ದು ಅಮೇರಿಕದಲ್ಲಿ. ಅಲ್ಲಿನ ಸಂವಿಧಾನದ ಪ್ರಕಾರ ಅಧ್ಯಕ್ಷರು ಮಾಡಿಕೊಂಡ ಒಪ್ಪಂದಕ್ಕೆ ಸೆನೆಟ್ ಸಭೆಯಲ್ಲಿ ಹಾಜರಿದ್ದವರ ಮೂರನೇ ಎರಡರಷ್ಟು ಮತ ಬೇಕು. 1794ರಲ್ಲಿ ಬ್ರಿಟನ್ನಿನ ಜೊತೆ ಆದ ಜೇ ಒಪ್ಪಂದ 1795ರ ಜೂನ್‌ನಲ್ಲಿ ಸೆನೆಟ್ ಮುಂದೆ ಬಂತು. ಪರವಾಗಿ 20, ವಿರೋಧವಾಗಿ 10. ಒಂದೇ ಒಂದು ಮತ ಆಚೆಗೆ ಹೋಗಿದ್ದರೂ ಒಪ್ಪಂದ ಬಿದ್ದುಹೋಗುತ್ತಿತ್ತು. ಅದರ 27ನೇ ವಿಧಿಯಲ್ಲಿ ಕೊಲೆ ಮತ್ತು ಫೋರ್ಜರಿ (ಖೋಟಾ ದಾಖಲೆ) ಆರೋಪ ಹೊತ್ತವರನ್ನು ಪರಸ್ಪರ ಒಪ್ಪಿಸುವ ಮಾತಿತ್ತು.

1797ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಯುದ್ಧನೌಕೆ ಹರ್ಮಿಯೋನ್‌ನಲ್ಲಿ ನಾವಿಕರು ದಂಗೆ ಎದ್ದು ಕ್ರೂರಿಯಾಗಿದ್ದ ಕ್ಯಾಪ್ಟನ್ ಹ್ಯೂ ಪಿಗಟ್‌ನನ್ನು ಕೊಂದರು. 1799ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನಲ್ಲಿ ಒಬ್ಬ ನಾವಿಕ ಸಿಕ್ಕಿಬಿದ್ದ. ಬ್ರಿಟಿಷರು ಇವನು ದಂಗೆಕೋರ ಥಾಮಸ್ ನ್ಯಾಶ್ ಎಂದರು. ಅವನು, "ನನ್ನ ಹೆಸರು ಜೊನಾಥನ್ ರಾಬಿನ್ಸ್, ನಾನು ಅಮೇರಿಕದವನು, ಕನೆಕ್ಟಿಕಟ್ಟಿನ ಡ್ಯಾನ್‌ಬರಿ ನನ್ನೂರು, ಬ್ರಿಟಿಷರು ನನ್ನನ್ನು ಬಲಾತ್ಕಾರವಾಗಿ ನೌಕೆಗೆ ಸೇರಿಸಿಕೊಂಡಿದ್ದರು" ಎಂದ. ಅಧ್ಯಕ್ಷ ಜಾನ್ ಆಡಮ್ಸ್ ಅವನನ್ನು ಒಪ್ಪಿಸುವಂತೆ ನ್ಯಾಯಾಧೀಶರಿಗೆ ಸಲಹೆ ಮತ್ತು ಕೋರಿಕೆ ಕಳಿಸಿದರು. ನ್ಯಾಯಾಧೀಶ ಥಾಮಸ್ ಬೀ ಒಪ್ಪಿಸಿದರು. ಆ ಆಗಸ್ಟ್ 19ರಂದು ಜಮೈಕಾದಲ್ಲಿ ಬ್ರಿಟಿಷರು ಅವನನ್ನು ಗಲ್ಲಿಗೇರಿಸಿದರು.

ದೇಶದಲ್ಲಿ ದೊಡ್ಡ ಗದ್ದಲವಾಯಿತು. ಡ್ಯಾನ್‌ಬರಿ ಊರಿನ ಅಧಿಕಾರಿಗಳು ಅಂಥ ಹೆಸರಿನವನು ನಮ್ಮಲ್ಲಿ ಇರಲೇ ಇಲ್ಲ ಎಂದು ಬರೆದುಕೊಟ್ಟರು. ಆದರೂ ಜನರ ಸಿಟ್ಟು ಇಳಿಯಲಿಲ್ಲ. ಏಕೆಂದರೆ ಪ್ರಶ್ನೆ ಇದ್ದದ್ದು ಅವನು ಯಾರು ಎಂಬುದಲ್ಲ, ಅದನ್ನು ತೀರ್ಮಾನಿಸಬೇಕಾದವರು ಯಾರು ಎಂಬುದು. ಸೆನೆಟ್ ಒಪ್ಪಂದವನ್ನು ಒಪ್ಪಿತ್ತು ನಿಜ. ಆದರೆ ಆರೋಪಿಯ ಮಾತನ್ನು ಯಾರು ಕೇಳಬೇಕು, ಸಾಕ್ಷ್ಯ ಎಷ್ಟು ಬೇಕು ಎಂದು ಹೇಳುವ ಒಂದು ಕಾಯಿದೆಯೂ ಇರಲಿಲ್ಲ. 1800ರಲ್ಲಿ ಜನಪ್ರತಿನಿಧಿ ಸಭೆಯಲ್ಲಿ ಎಡ್ವರ್ಡ್ ಲಿವಿಂಗ್‌ಸ್ಟನ್ ಅಧ್ಯಕ್ಷರನ್ನು ಖಂಡಿಸುವ ಗೊತ್ತುವಳಿ ತಂದರು. ಅಧ್ಯಕ್ಷರ ಪರವಾಗಿ ಮಾತಾಡಿದವರು ಜಾನ್ ಮಾರ್ಷಲ್, ಮುಂದಿನ ವರ್ಷ ಅಲ್ಲಿನ ಮುಖ್ಯ ನ್ಯಾಯಾಧೀಶರಾದವರು. ವಿದೇಶ ವ್ಯವಹಾರದಲ್ಲಿ ದೇಶದ ಬಾಯಿ ಅಧ್ಯಕ್ಷರೇ ಎಂಬುದು ಅವರ ವಾದ. ಗೊತ್ತುವಳಿ ಸೋತಿತು. ಆದರೆ ಅದೇ ವರ್ಷದ ಚುನಾವಣೆಯಲ್ಲಿ ಆಡಮ್ಸ್ ಸೋತರು. ಆ ಸೋಲಿಗೆ ಹಲವು ಕಾರಣಗಳಿದ್ದವು, ರಾಬಿನ್ಸ್ ಪ್ರಕರಣವೂ ವಿರೋಧಿಗಳ ಬಾಯಲ್ಲಿ ಇತ್ತು. 27ನೇ ವಿಧಿಯ ಅವಧಿ ಮುಗಿದ ಮೇಲೆ 1842ರವರೆಗೆ ಅಮೇರಿಕ ಇನ್ನೊಂದು ಹಸ್ತಾಂತರ ಒಪ್ಪಂದದ ಗೊಡವೆಗೆ ಹೋಗಲಿಲ್ಲ. ಹಸ್ತಾಂತರದ ವಿಧಾನವನ್ನು ಹೇಳುವ ಕಾಯಿದೆಯನ್ನು ಕಾಂಗ್ರೆಸ್ ಮಾಡಿದ್ದು 1848ರಲ್ಲಿ.

ಇಲ್ಲಿಂದ ಕಲಿಯಬೇಕಾದ ಪಾಠ ಇಷ್ಟು. ಶಾಸನಸಭೆ ಒಪ್ಪಂದದ ಮೇಲೆ ಮತ ಹಾಕಿದ ಮಾತ್ರಕ್ಕೆ ಅದರ ಕೆಲಸ ಮುಗಿಯುವುದಿಲ್ಲ. ಒಪ್ಪಿಸುವ ವಿಧಾನವನ್ನೂ ಅದೇ ಬರೆದುಕೊಡಬೇಕು.

ಗುಲಾಮರ ಹಡಗು ಮತ್ತು ಬ್ರಿಟಿಷ್ ಸಂಸತ್ತು

ಬ್ರಿಟನ್ನಿನ ಪದ್ಧತಿ ಬೇರೆ. ಅಲ್ಲಿ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ರಾಜಮನೆತನದ ಹೆಸರಿನಲ್ಲಿ ಸರಕಾರಕ್ಕಿದೆ. ಆದರೆ ಒಬ್ಬ ಮನುಷ್ಯನನ್ನು ಬಂಧಿಸಿಡಲು ದೇಶದ ಕಾನೂನಿನ ಆಧಾರ ಬೇಕು. ಒಪ್ಪಂದವು ಕಾನೂನಲ್ಲ. ಕಾನೂನು ಮಾಡುವುದು ಸಂಸತ್ತು. ಆದ್ದರಿಂದ ಸಂಸತ್ತಿನ ಕಾಯಿದೆ ಇಲ್ಲದೆ ಯಾರನ್ನೂ ಹಿಡಿದು ಒಪ್ಪಿಸುವಂತಿಲ್ಲ.

ಈ ತತ್ವ ಬೆಳಕಿಗೆ ಬಂದದ್ದು ಒಂದು ಹಡಗಿನಿಂದ. 1841ರ ನವೆಂಬರ್‌ನಲ್ಲಿ ಕ್ರಿಯೋಲ್ ಎಂಬ ಅಮೇರಿಕದ ಹಡಗು 135 ಮಂದಿ ಗುಲಾಮರನ್ನು ಹೊತ್ತು ವರ್ಜೀನಿಯಾದಿಂದ ನ್ಯೂ ಆರ್ಲಿಯನ್ಸ್ ಕಡೆಗೆ ಹೊರಟಿತ್ತು. ದಾರಿಯಲ್ಲಿ ಮ್ಯಾಡಿಸನ್ ವಾಷಿಂಗ್ಟನ್ ಎಂಬ ಗುಲಾಮನ ಮುಂದಾಳತ್ವದಲ್ಲಿ ಕೆಲವರು ದಂಗೆ ಎದ್ದು ಹಡಗನ್ನು ವಶಪಡಿಸಿಕೊಂಡರು. ಒಬ್ಬ ಬಿಳಿಯ ಸತ್ತ. ಹಡಗನ್ನು ಬ್ರಿಟಿಷರ ಬಹಾಮಾಸ್ ದ್ವೀಪದ ನಸ್ಸಾವಿಗೆ ಒಯ್ದರು. ಬ್ರಿಟಿಷ್ ವಸಾಹತುಗಳಲ್ಲಿ 1834ರಲ್ಲೇ ಗುಲಾಮಗಿರಿ ರದ್ದಾಗಿತ್ತು. ಅಲ್ಲಿಗೆ ಕಾಲಿಟ್ಟವರು ಸ್ವತಂತ್ರರಾದರು. ಅಮೇರಿಕ ದಂಗೆಯ ಮುಖಂಡರನ್ನು ಕೊಡಿ ಎಂದಿತು. 1842ರ ಫೆಬ್ರವರಿಯಲ್ಲಿ ಲಾರ್ಡ್ಸ್ ಸಭೆಯಲ್ಲಿ ಚರ್ಚೆಯಾದಾಗ ಅಲ್ಲಿದ್ದ ಕಾನೂನು ಪಂಡಿತರೆಲ್ಲರೂ ಒಂದೇ ಮಾತು ಹೇಳಿದರು: ಇವರನ್ನು ಒಪ್ಪಿಸಲು ಅಧಿಕಾರ ಕೊಡುವ ಕಾನೂನು ನಮ್ಮಲ್ಲಿ ಇಲ್ಲ. ಅವರನ್ನು ಬಿಡುಗಡೆ ಮಾಡಲಾಯಿತು.

ಅದೇ 1842ರಲ್ಲಿ ಎರಡು ದೇಶಗಳ ನಡುವೆ ವೆಬ್‌ಸ್ಟರ್–ಆಶ್‌ಬರ್ಟನ್ ಒಪ್ಪಂದವಾಯಿತು. ಸೆನೆಟ್ 39–9 ಮತಗಳಿಂದ ಒಪ್ಪಿತು. ಅದರ 10ನೇ ವಿಧಿಯಲ್ಲಿ ಕೊಲೆ, ಕೊಲೆಯತ್ನದ ಹಲ್ಲೆ, ಕಡಲ್ಗಳ್ಳತನ, ಬೆಂಕಿ ಹಚ್ಚುವುದು, ದರೋಡೆ, ಫೋರ್ಜರಿ, ಖೋಟಾ ಕಾಗದ ಚಲಾವಣೆ ಎಂದು ಏಳು ಅಪರಾಧಗಳ ಪಟ್ಟಿ ಇತ್ತು. ಹಡಗಿನ ದಂಗೆ ಅದರಲ್ಲಿ ಇರಲಿಲ್ಲ, ಸೈನ್ಯ ಬಿಟ್ಟು ಓಡುವುದೂ ಇರಲಿಲ್ಲ. 1843ರಲ್ಲಿ ಬ್ರಿಟಿಷ್ ಸಂಸತ್ತು ಈ ವಿಧಿಯನ್ನು ಜಾರಿಗೆ ತರಲು ಒಂದು ಕಾಯಿದೆ ಮಾಡಿತು, ಫ್ರಾನ್ಸಿನ ಜೊತೆಗಿನ ಒಪ್ಪಂದಕ್ಕೆ ಇನ್ನೊಂದು. ಕೆನಡಾಕ್ಕೆ ಓಡಿಬಂದ ಗುಲಾಮರನ್ನು ಕಳ್ಳರು, ಕೊಲೆಗಾರರು ಎಂದು ಹೆಸರಿಟ್ಟು ಹಿಂದಕ್ಕೆ ಎಳೆದೊಯ್ದರೆ ಏನು ಗತಿ ಎಂಬುದು ಗುಲಾಮಗಿರಿ ವಿರೋಧಿಗಳ ಆತಂಕವಾಗಿತ್ತು.

ಆ ಆತಂಕ ಸುಳ್ಳಾಗಿರಲಿಲ್ಲ. ಮಿಸ್ಸೂರಿಯಲ್ಲಿ ಗುಲಾಮನಾಗಿದ್ದ ಜಾನ್ ಆಂಡರ್ಸನ್ 1853ರಲ್ಲಿ ತಪ್ಪಿಸಿಕೊಳ್ಳುವಾಗ ತನ್ನನ್ನು ಹಿಡಿಯಲು ಬಂದವನನ್ನು ಇರಿದು ಕೆನಡಾ ಸೇರಿದ್ದ. ಇರಿತಕ್ಕೊಳಗಾದವನು ಸತ್ತ. 1860ರಲ್ಲಿ ಅಮೇರಿಕ ಅವನನ್ನು ಕೇಳಿತು. ಟೊರಾಂಟೊದ ಕ್ವೀನ್ಸ್ ಬೆಂಚ್ ನ್ಯಾಯಾಲಯ ಎರಡು–ಒಂದು ಬಹುಮತದಿಂದ ಒಪ್ಪಿಸಬಹುದು ಎಂದಿತು. ಸ್ವಾತಂತ್ರ್ಯಕ್ಕಾಗಿ ಓಡುವವನು ತನ್ನನ್ನು ತಡೆದವನನ್ನು ಕೊಂದರೆ ಅದು ಕೊಲೆಯೇ? ಮಿಸ್ಸೂರಿಯ ಕಾನೂನಿನಲ್ಲಿ ಹೌದು. ಗುಲಾಮಗಿರಿಯೇ ಇಲ್ಲದ ಕೆನಡಾದಲ್ಲಿ? ಕೊನೆಗೆ 1861ರ ಫೆಬ್ರವರಿಯಲ್ಲಿ ಇನ್ನೊಂದು ನ್ಯಾಯಾಲಯ ಬಂಧನದ ಕಾಗದದಲ್ಲಿದ್ದ ತಾಂತ್ರಿಕ ದೋಷವನ್ನು ಹಿಡಿದು ಅವನನ್ನು ಬಿಟ್ಟಿತು. ಒಂದು ಒಪ್ಪಂದದಲ್ಲಿ ಕೊಲೆ ಎಂದು ಒಂದೇ ಪದ ಬರೆದರೆ ಸಾಲದು, ಆ ಪದದೊಳಗೆ ಏನೆಲ್ಲ ಸೇರುತ್ತದೆ ಎಂದು ಮೊದಲೇ ಯೋಚಿಸಬೇಕು. ಹಾಗೆ ಯೋಚಿಸುವ ಜಾಗವೇ ಶಾಸನಸಭೆ.

ಶರಣು ಬಂದವರು ಮತ್ತು ಮಿಲ್ ಸಾಹೇಬರು

ನಮ್ಮ ಊರಿನ ಕಡೆ ಯಕ್ಷಗಾನ ನೋಡಿದವರಿಗೆ ಕೃಷ್ಣಾರ್ಜುನ ಕಾಳಗ ಗೊತ್ತು. ಗಯನೆಂಬ ಗಂಧರ್ವ ತಿಳಿಯದೆ ಕೃಷ್ಣನಿಗೆ ಅಪಚಾರ ಮಾಡುತ್ತಾನೆ. ಕೃಷ್ಣ ಕೊಲ್ಲುವ ಪ್ರತಿಜ್ಞೆ ಮಾಡುತ್ತಾನೆ. ಗಯ ಅರ್ಜುನನ ಮೊರೆ ಹೋಗುತ್ತಾನೆ. ಅಭಯ ಕೊಟ್ಟ ಅರ್ಜುನ, ಅಟ್ಟಿಸಿಕೊಂಡು ಬಂದವನು ತನ್ನ ಭಾವ ಕೃಷ್ಣನೇ ಎಂದು ತಿಳಿದ ಮೇಲೂ ಗಯನನ್ನು ಒಪ್ಪಿಸುವುದಿಲ್ಲ. ಶರಣಾಗತರ ರಕ್ಷಣೆ ಮತ್ತು ಸ್ನೇಹದ ನಡುವಿನ ಈ ಇಕ್ಕಟ್ಟು ಹತ್ತೊಂಬತ್ತನೇ ಶತಮಾನದ ಯುರೋಪಿನ ದೇಶಗಳಿಗೂ ಬಂತು.

ಮೊದಲು ಕಾನೂನು ಬರೆದದ್ದು ಬೆಲ್ಜಿಯಂ. 1830ರಲ್ಲಿ ಕ್ರಾಂತಿಯಿಂದಲೇ ಹುಟ್ಟಿದ ಆ ಪುಟ್ಟ ದೇಶ 1833ರ ಅಕ್ಟೋಬರ್ 1ರ ಕಾಯಿದೆಯಲ್ಲಿ, ರಾಜಕೀಯ ಅಪರಾಧಕ್ಕಾಗಿ ಯಾರನ್ನೂ ಒಪ್ಪಿಸುವುದಿಲ್ಲ ಎಂದು ಸಾರಿತು. ಮುಂದಿನ ಒಪ್ಪಂದಗಳೆಲ್ಲ ಈ ಕಾಯಿದೆಯ ಚೌಕಟ್ಟಿನೊಳಗೇ ಇರಬೇಕಾಯಿತು. ಅಂದರೆ ಶಾಸನಸಭೆ ಸರಕಾರದ ಪೆನ್ನಿಗೆ ಮೊದಲೇ ಗೆರೆ ಎಳೆದುಕೊಟ್ಟಿತು.

ಬ್ರಿಟನ್ನಿನಲ್ಲಿ ಪರೀಕ್ಷೆ ಬಂದದ್ದು 1852ರಲ್ಲಿ. ಅದಕ್ಕೆ ಸ್ವಲ್ಪ ಮೊದಲು, 1851ರ ಡಿಸೆಂಬರ್‌ನಲ್ಲಿ, ಫ್ರಾನ್ಸಿನಲ್ಲಿ ಲೂಯಿ ನೆಪೋಲಿಯನ್ ಕ್ಷಿಪ್ರಕ್ರಾಂತಿಯಿಂದ ಅಧಿಕಾರ ಹಿಡಿದಿದ್ದ. ವಿರೋಧಿಗಳು ದೇಶ ಬಿಟ್ಟು ಓಡುತ್ತಿದ್ದರು. ಸಾಹಿತಿ ವಿಕ್ಟರ್ ಹ್ಯೂಗೋ ಆ ವರ್ಷವೇ ಬ್ರಿಟಿಷ್ ಆಶ್ರಯದ ಜರ್ಸಿ ದ್ವೀಪಕ್ಕೆ ಬಂದರು. ಅದೇ ಹೊತ್ತಿಗೆ ಬ್ರಿಟಿಷ್ ಸರಕಾರ ಫ್ರಾನ್ಸಿನ ಜೊತೆ ಹೊಸ ಹಸ್ತಾಂತರ ಒಪ್ಪಂದಕ್ಕೆ ಸಹಿ ಹಾಕಿ ಮಸೂದೆಯನ್ನು ಸಂಸತ್ತಿಗೆ ತಂತು. ಫ್ರಾನ್ಸಿನ ವಾರಂಟು ತೋರಿಸಿ, ಇವನೇ ಆ ಮನುಷ್ಯ ಎಂದು ಗುರುತಿಸಿದರೆ ಸಾಕು, ಅಪರಾಧದ ಸಾಕ್ಷ್ಯವನ್ನು ಇಂಗ್ಲಿಷ್ ಮ್ಯಾಜಿಸ್ಟ್ರೇಟರು ನೋಡಬೇಕಿಲ್ಲ ಎಂಬ ಏರ್ಪಾಡು ಅದರಲ್ಲಿತ್ತು. ಸಂಸತ್ತಿನಲ್ಲಿ ವಿರೋಧ ಎದ್ದಿತು. ಮಸೂದೆ ಬಿದ್ದುಹೋಯಿತು, ಒಪ್ಪಂದ ಜಾರಿಗೆ ಬರಲೇ ಇಲ್ಲ. ಸಹಿ ಹಾಕಿದ ಕಾಗದ ಕಪಾಟಿನಲ್ಲೇ ಉಳಿಯಿತು!

ಫ್ರಾನ್ಸ್ ಸುಮ್ಮನಿರಲಿಲ್ಲ. ನೀವು ಕೇಳಿದ ಸಾಕ್ಷ್ಯ ಕೊಟ್ಟು ಕೊಟ್ಟು ಸಾಕಾಯಿತು, ನಿಮ್ಮಿಂದ ಆರೋಪಿಗಳು ಸಿಗುತ್ತಿಲ್ಲ ಎಂದು 1865ರಲ್ಲಿ 1843ರ ಒಪ್ಪಂದವನ್ನೇ ಮುಗಿಸುವ ನೋಟೀಸು ಕೊಟ್ಟಿತು. 1866ರಲ್ಲಿ ಅಧಿವೇಶನದ ಕೊನೆಯ ದಿನಗಳಲ್ಲಿ ಸರಕಾರ ಒಂದು ತಿದ್ದುಪಡಿ ಮಸೂದೆಯನ್ನು ತರಾತುರಿಯಲ್ಲಿ ತಂತು. ಆಗ ಎದ್ದು ನಿಂತವರು ಜಾನ್ ಸ್ಟುವರ್ಟ್ ಮಿಲ್. ಪಿ.ಯು.ಸಿ. ರಾಜ್ಯಶಾಸ್ತ್ರದಲ್ಲಿ ಸ್ವಾತಂತ್ರ್ಯದ ಪಾಠಕ್ಕೆ ಬರುವ ಅದೇ ಮಿಲ್. 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪೆನಿಯ ಲಂಡನ್ ಕಚೇರಿಯಲ್ಲಿ ಕೆಲಸ ಮಾಡಿ ಆಮೇಲೆ ಕಾಮನ್ಸ್ ಸಭೆಗೆ ಆರಿಸಿ ಬಂದಿದ್ದರು. ಸ್ವೇಚ್ಛಾಧಿಕಾರಿಯ ಸೇಡಿಗೆ ಬ್ರಿಟಿಷ್ ಸರಕಾರ ಕೈಗೊಂಬೆಯಾಗಬಾರದು ಎಂಬುದು ಅವರ ನಿಲುವು. ಅವರೂ ಅವರ ಸಂಗಡಿಗರೂ ಹಟ ಹಿಡಿದದ್ದರಿಂದ ಆ ಕಾಯಿದೆಗೆ ಬರೀ ಒಂದು ವರ್ಷದ ಆಯುಷ್ಯ ಸಿಕ್ಕಿತು. 1868ರಲ್ಲಿ ಇಡೀ ವಿಷಯವನ್ನು ಪರಿಶೀಲಿಸಲು ಕಾಮನ್ಸ್ ಸಭೆ ಒಂದು ಸಮಿತಿ ಮಾಡಿತು. ಮಿಲ್ ಅದರ ಸದಸ್ಯರು. ಆ ವರ್ಷದ ಚುನಾವಣೆಯಲ್ಲಿ ಅವರು ಸೋತರೂ ಸಮಿತಿಯ ಕೆಲಸ ವ್ಯರ್ಥವಾಗಲಿಲ್ಲ.

ಫಲವಾಗಿ ಬಂದದ್ದು 1870ರ ಹಸ್ತಾಂತರ ಕಾಯಿದೆ. ಅದರ ಮುಖ್ಯ ಅಂಶಗಳನ್ನು ಮಕ್ಕಳು ಟಿಪ್ಪಣಿ ಮಾಡಿಕೊಳ್ಳಬಹುದು.

1. ರಾಜಕೀಯ ಸ್ವರೂಪದ ಅಪರಾಧಕ್ಕೆ ಹಸ್ತಾಂತರ ಇಲ್ಲ.
2. ಯಾವ ಆರೋಪಕ್ಕಾಗಿ ಒಪ್ಪಿಸಿದೆಯೋ ಅದಕ್ಕೆ ಮಾತ್ರ ವಿಚಾರಣೆ. ಒಂದು ಹೆಸರು ಹೇಳಿ ಕರೆದೊಯ್ದು ಇನ್ನೊಂದಕ್ಕೆ ಶಿಕ್ಷಿಸುವಂತಿಲ್ಲ.
3. ಸಾಕ್ಷ್ಯವನ್ನು ಮ್ಯಾಜಿಸ್ಟ್ರೇಟರು ನೋಡಬೇಕು. ಅವರು ಒಪ್ಪಿದ ಮೇಲೂ 15 ದಿನ ಕಾಯಬೇಕು. ಅಷ್ಟರಲ್ಲಿ ಆರೋಪಿ ಮೇಲಿನ ಕೋರ್ಟಿಗೆ ಹೋಗಬಹುದು.
4. ಯಾವ ದೇಶಕ್ಕೆ ಈ ಕಾಯಿದೆ ಅನ್ವಯ ಎಂದು ಸರಕಾರ ಆದೇಶ ಹೊರಡಿಸಬಹುದು, ಆದರೆ ಅದನ್ನು ಸಂಸತ್ತಿನ ಮುಂದೆ ಇಡಬೇಕು.

ಅಂದರೆ ಒಂದೊಂದು ಒಪ್ಪಂದಕ್ಕೂ ಒಂದೊಂದು ಕಾಯಿದೆ ಮಾಡುವ ಕಷ್ಟ ತಪ್ಪಿತು. ಸರಕಾರಕ್ಕೆ ವೇಗ ಸಿಕ್ಕಿತು, ಸಂಸತ್ತಿನ ಗೆರೆಯೂ ಉಳಿಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ನಮ್ಮ ದೇಶದಲ್ಲಿ

ಆದರೆ ಬ್ರಿಟಿಷರು ತಮ್ಮ ಸಾಮ್ರಾಜ್ಯದ ಒಳಗೆ ಈ ಉದಾರತೆ ತೋರಿಸಲಿಲ್ಲ. ಸಾಮ್ರಾಜ್ಯದ ಒಂದು ಭಾಗದಿಂದ ಇನ್ನೊಂದಕ್ಕೆ ಓಡಿದವರಿಗೆ 1881ರ ಫ್ಯುಜಿಟಿವ್ ಅಫೆಂಡರ್ಸ್ ಆಕ್ಟ್ ಎಂಬ ಬೇರೆ ಕಾಯಿದೆ ಇತ್ತು. ಅದರಲ್ಲಿ ರಾಜಕೀಯ ಅಪರಾಧಕ್ಕೆ ವಿನಾಯಿತಿಯೇ ಇಲ್ಲ. 1910ರಲ್ಲಿ ಲಂಡನ್ನಿನಲ್ಲಿ ಬಂಧಿತರಾದ ವಿನಾಯಕ ದಾಮೋದರ ಸಾವರ್ಕರರನ್ನು ಭಾರತಕ್ಕೆ ಕಳಿಸಿದ್ದು ಇದೇ ಕಾಯಿದೆಯಡಿ. ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಅವರು ಹಡಗಿನಿಂದ ಹಾರಿ ಈಜಿ ದಡ ಸೇರಿದರು. ಅಲ್ಲಿನ ಪೊಲೀಸನೊಬ್ಬ ಹಿಡಿದು ಬ್ರಿಟಿಷರಿಗೆ ಕೊಟ್ಟುಬಿಟ್ಟ. ತಮ್ಮ ನೆಲದಿಂದ ವಿಧಾನ ಬಿಟ್ಟು ಒಯ್ದಿರಿ ಎಂದು ಫ್ರಾನ್ಸ್ ಹೇಗ್‌ನ ಪಂಚಾಯ್ತಿ ನ್ಯಾಯಮಂಡಳಿಗೆ ಹೋಯಿತು. 1911ರ ಫೆಬ್ರವರಿಯಲ್ಲಿ ಬಂದ ತೀರ್ಪು ಹೀಗಿತ್ತು: ಕ್ರಮ ತಪ್ಪಿದ್ದು ನಿಜ, ಆದರೆ ಹಿಂದೆ ಕೊಡಬೇಕಾಗಿಲ್ಲ.

ದೇಶದೊಳಗೆ ಸಂಸ್ಥಾನಗಳದ್ದು ಇನ್ನೊಂದು ಕಥೆ. ಮೈಸೂರಿನಲ್ಲಿ ಅಪರಾಧ ಮಾಡಿ ಬ್ರಿಟಿಷರ ದಕ್ಷಿಣ ಕನ್ನಡ ಜಿಲ್ಲೆಗೆ ಬಂದವನನ್ನು ಒಪ್ಪಿಸಲು 1903ರ ಭಾರತೀಯ ಹಸ್ತಾಂತರ ಕಾಯಿದೆ ಇತ್ತು. ಬ್ರಿಟಿಷ್ ರಾಜಕೀಯ ಅಧಿಕಾರಿಯ ವಾರಂಟು ಬಂದರೆ ಜಿಲ್ಲಾ ಮ್ಯಾಜಿಸ್ಟ್ರೇಟರು ಒಪ್ಪಿಸಬೇಕು. ನಮ್ಮ ಕಾಸರಗೋಡು ಆಗ ಅದೇ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಘಟ್ಟ ಹತ್ತಿದರೆ ಆಗ ಹಸ್ತಾಂತರದ ಗಡಿ ಇತ್ತು ಎಂದರೆ ಇವತ್ತಿನ ಮಕ್ಕಳಿಗೆ ಆಶ್ಚರ್ಯವಾಗಬಹುದು.

ಸ್ವಾತಂತ್ರ್ಯದ ನಂತರ ಮುಖ್ಯ ಪ್ರಕರಣ ಬಂದದ್ದು ನಾವು ಆಗ ಸೇರಿದ್ದ ಮದ್ರಾಸ್ ರಾಜ್ಯದಿಂದಲೇ. ಸಿಂಗಾಪುರದಲ್ಲಿ ನಂಬಿಕೆದ್ರೋಹದ ಆರೋಪವಿದ್ದ ದಂಪತಿಯನ್ನು ಮದ್ರಾಸಿನಲ್ಲಿ ಹಿಡಿದು, 1881ರ ಕಾಯಿದೆಯಡಿ ಒಪ್ಪಿಸಲು ಹೊರಟಿದ್ದರು. 1954ರಲ್ಲಿ ಸುಪ್ರೀಂ ಕೋರ್ಟು ಆಗದು ಎಂದಿತು. ಆ ಕಾಯಿದೆ ಬ್ರಿಟಿಷ್ ಸಾಮ್ರಾಜ್ಯದ ಭಾಗಗಳಿಗೆ ಬರೆದದ್ದು. ಭಾರತ 1950ರ ಜನವರಿ 26ರಿಂದ ಗಣರಾಜ್ಯ. ನಮ್ಮ ಸಂಸತ್ತು ತಾನೇ ಕಾನೂನು ಮಾಡದೆ, ಹೋದ ಸಾಮ್ರಾಜ್ಯದ ಕಾನೂನನ್ನು ಹಿಡಿದು ಒಬ್ಬರನ್ನು ಒಪ್ಪಿಸಲಾಗದು.

ಆ ಬಿರುಕನ್ನು ಮುಚ್ಚಿದ್ದು 1962ರ ಹಸ್ತಾಂತರ ಕಾಯಿದೆ. ಅದು 1963ರ ಜನವರಿ 5ರಂದು ಜಾರಿಗೆ ಬಂತು, 1993ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ಇದರ ಬೆನ್ನೆಲುಬು 1870ರದ್ದೇ. ಮ್ಯಾಜಿಸ್ಟ್ರೇಟರ ವಿಚಾರಣೆ, ರಾಜಕೀಯ ಅಪರಾಧಕ್ಕೆ ತಡೆ, ಆರೋಪ ಬದಲಿಸುವಂತಿಲ್ಲ ಎಂಬ ನಿಯಮ ಎಲ್ಲ ಇವೆ. ಕೇಂದ್ರ ಸರಕಾರ ಒಪ್ಪಂದ ಮಾಡಿಕೊಂಡು, ಅಧಿಸೂಚನೆ ಹೊರಡಿಸಿ, ಅದನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಇಡಬೇಕು.

ಇಲ್ಲಿ ಗಮನಿಸಬೇಕಾದ ಮಾತಿದೆ. ಇಡುವುದು ಬೇರೆ, ಮತಕ್ಕೆ ಹಾಕುವುದು ಬೇರೆ. ಸಂವಿಧಾನದ ಕೇಂದ್ರ ಪಟ್ಟಿಯಲ್ಲಿ 14ನೇ ಬಾಬು ವಿದೇಶಿ ಒಪ್ಪಂದ, 18ನೇ ಬಾಬು ಹಸ್ತಾಂತರ. 253ನೇ ವಿಧಿ ಒಪ್ಪಂದ ಜಾರಿಗೆ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆ. ಆದರೆ ಒಪ್ಪಂದಕ್ಕೆ ಮೊದಲು ಸಂಸತ್ತಿನ ಮತ ಬೇಕು ಎಂದು ಎಲ್ಲೂ ಹೇಳಿಲ್ಲ. ಉದಾಹರಣೆಗೆ, 1997ರ ಜೂನ್ 25ರಂದು ಭಾರತ ಮತ್ತು ಅಮೇರಿಕ ಹಸ್ತಾಂತರ ಒಪ್ಪಂದಕ್ಕೆ ಸಹಿ ಹಾಕಿದವು. ಅಮೇರಿಕದಲ್ಲಿ ಅದು 1998ರಲ್ಲಿ ಸೆನೆಟ್ಟಿನ ಒಪ್ಪಿಗೆ ಪಡೆಯಬೇಕಾಯಿತು. ನಮ್ಮಲ್ಲಿ ಅಂಥ ಮತದಾನ ಬೇಕಾಗಲಿಲ್ಲ. 1999ರ ಜುಲೈನಲ್ಲಿ ಒಪ್ಪಂದ ಜಾರಿಗೆ ಬಂತು. ಒಂದೇ ಕಾಗದ, ಎರಡು ದಾರಿ. ಸಂವಿಧಾನ ಪುನರ್ವಿಮರ್ಶೆಗೆ ನೇಮಕವಾದ, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಆಯೋಗ 2002ರ ವರದಿಯಲ್ಲಿ, ವಿದೇಶಿ ಒಪ್ಪಂದ ಮಾಡಿಕೊಳ್ಳುವ ಕ್ರಮಕ್ಕೆ ಸಂಸತ್ತು ಒಂದು ಕಾಯಿದೆ ಮಾಡಬೇಕು ಎಂದು ಶಿಫಾರಸು ಮಾಡಿತ್ತು.

ಇತ್ತೀಚಿನ ಎರಡು ಪ್ರಸಂಗ

ಮೊದಲನೆಯದು ಆಸ್ಟ್ರೇಲಿಯ. 2007ರಲ್ಲಿ ಅದು ಚೀನಾದ ಜೊತೆ ಹಸ್ತಾಂತರ ಒಪ್ಪಂದಕ್ಕೆ ಸಹಿ ಹಾಕಿತು. ಹತ್ತು ವರ್ಷ ಕಾಗದ ಹಾಗೆಯೇ ಇತ್ತು. 2017ರ ಮಾರ್ಚ್‌ನಲ್ಲಿ ಸರಕಾರ ಅದನ್ನು ಜಾರಿಗೆ ತರಲು ಮುಂದಾದಾಗ ಸೆನೆಟ್ಟಿನಲ್ಲಿ ಸೋಲುವುದು ಖಚಿತವಾಯಿತು. ಮರಣದಂಡನೆ ಮತ್ತು ನ್ಯಾಯಯುತ ವಿಚಾರಣೆಯ ಬಗ್ಗೆ ಸದಸ್ಯರಿಗೆ ಸಂಶಯವಿತ್ತು. ಸರಕಾರ ಹಿಂದೆ ಸರಿಯಿತು.

ಎರಡನೆಯದು ಹಾಂಗ್‌ಕಾಂಗ್. 2018ರಲ್ಲಿ ತೈವಾನಿನಲ್ಲಿ ಹಾಂಗ್‌ಕಾಂಗಿನ ಒಬ್ಬ ಯುವತಿಯ ಕೊಲೆಯಾಯಿತು. ಆರೋಪಿ ಹಾಂಗ್‌ಕಾಂಗಿಗೆ ಮರಳಿದ್ದ. ಇಬ್ಬರ ನಡುವೆ ಹಸ್ತಾಂತರದ ಏರ್ಪಾಡಿಲ್ಲ. ಇದನ್ನೇ ಕಾರಣವಾಗಿಟ್ಟು 2019ರಲ್ಲಿ ಸರಕಾರ ಒಂದು ತಿದ್ದುಪಡಿ ಮಸೂದೆ ತಂತು. ಅದರಂತೆ ಚೀನಾದ ಮುಖ್ಯಭೂಮಿಗೂ ಆರೋಪಿಗಳನ್ನು ಒಪ್ಪಿಸಬಹುದಿತ್ತು. ಹಳೆಯ ಕಾಯಿದೆಯಲ್ಲಿ ಇಂಥ ಒಂದೊಂದು ಏರ್ಪಾಡನ್ನೂ ಶಾಸನಸಭೆ ಪರಿಶೀಲಿಸಬೇಕಿತ್ತು. ಹೊಸ ಮಸೂದೆ ಬಿಡಿ ಪ್ರಕರಣಗಳಲ್ಲಿ ಆ ಹೆಜ್ಜೆಯನ್ನೇ ತೆಗೆದುಹಾಕುತ್ತಿತ್ತು. ಜೂನ್ 9ರಂದು ಬೀದಿಗಿಳಿದವರು ಸಂಘಟಕರ ಲೆಕ್ಕದಲ್ಲಿ 10 ಲಕ್ಷ, ಪೊಲೀಸರ ಲೆಕ್ಕದಲ್ಲಿ 2 ಲಕ್ಷ 40 ಸಾವಿರ. ಅಕ್ಟೋಬರ್ 23ರಂದು ಮಸೂದೆಯನ್ನು ಅಧಿಕೃತವಾಗಿ ಹಿಂದೆಗೆದುಕೊಳ್ಳಲಾಯಿತು.

ಇನ್ನೊಂದು ಪಕ್ಕ

ಇಷ್ಟು ಓದಿದ ಮೇಲೆ ಯಾರಾದರೂ ಕೇಳಬಹುದು. ಮಾಷ್ಟ್ರೇ, ನೀವು ಓಡಿಹೋದವರ ಪರವಾಗಿಯೇ ಮಾತಾಡುತ್ತೀರಿ, ನೊಂದವರ ಗತಿ ಏನು? ಸರಿಯಾದ ಪ್ರಶ್ನೆ. ಹಾಂಗ್‌ಕಾಂಗಿನ ಆ ಆರೋಪಿಗೆ ಅಲ್ಲಿ 2019ರಲ್ಲಿ ಆದ ಶಿಕ್ಷೆ ಹಣದ ಅಪರಾಧಕ್ಕೆ ಮಾತ್ರ, ಕೊಲೆಗಲ್ಲ. 1984ರ ಭೋಪಾಲ್ ದುರಂತದ ಮೊಕದ್ದಮೆಗೆ ಯೂನಿಯನ್ ಕಾರ್ಬೈಡ್‌ನ ವಾರನ್ ಆಂಡರ್ಸನ್‌ರನ್ನು ಕೊಡಿ ಎಂದು ಭಾರತ 2003ರಲ್ಲಿ ಅದೇ 1997ರ ಒಪ್ಪಂದದ ಆಧಾರದಲ್ಲಿ ಕೇಳಿತು. 2004ರಲ್ಲಿ ಅಮೇರಿಕ ನಿರಾಕರಿಸಿತು. 2014ರಲ್ಲಿ ಅವರು ತೀರಿಕೊಂಡರು, ಭಾರತದ ನ್ಯಾಯಾಲಯದ ಕಟಕಟೆ ಹತ್ತಲೇ ಇಲ್ಲ. ಸೆನೆಟ್ ಒಪ್ಪಿದ ಒಪ್ಪಂದವೂ ಭೋಪಾಲಿನ ಜನರಿಗೆ ಬಾಗಿಲು ತೆರೆಯಲಿಲ್ಲ. ಆದರೆ ಅದೇ ಒಪ್ಪಂದದಡಿ, 2008ರ ಮುಂಬಯಿ ದಾಳಿಯ ಆರೋಪಿ ತಹಾವೂರ್ ರಾಣಾನನ್ನು 2025ರ ಏಪ್ರಿಲ್‌ನಲ್ಲಿ ಅಮೇರಿಕ ಭಾರತಕ್ಕೆ ಒಪ್ಪಿಸಿತು. ಅಲ್ಲಿನ ಕೋರ್ಟುಗಳ ಮೆಟ್ಟಿಲು ಒಂದೊಂದಾಗಿ ಹತ್ತಿ ಇಳಿದ ಮೇಲೆ.

ಹಾಗಾಗಿ ಶಾಸನಸಭೆಯ ಒಪ್ಪಿಗೆ ಎಂದರೆ ಅಪರಾಧಿಗಳಿಗೆ ಅಡಗುತಾಣ ಎಂದು ತಿಳಿಯಬಾರದು. ಸಭೆಯಲ್ಲಿ ನಾಲ್ಕು ಜನರ ಮುಂದೆ ಚರ್ಚೆಯಾಗಿ ಗಟ್ಟಿಯಾದ ಕಾನೂನಿನಲ್ಲಿ ಒಪ್ಪಿಸಿದವನನ್ನು ಒಪ್ಪಿಸಿದ ಮೇಲೆ ಯಾರೂ ಪ್ರಶ್ನಿಸಲಾರರು. ಗುಟ್ಟಿನಲ್ಲಿ ಒಪ್ಪಿಸಿದವನ ವಿಷಯ ಇನ್ನೂರು ವರ್ಷವಾದರೂ ಪುಸ್ತಕದಲ್ಲಿ ಉಳಿಯುತ್ತದೆ, ಜೊನಾಥನ್ ರಾಬಿನ್ಸನ ಹಾಗೆ.

ಭಾರತಕ್ಕೆ 40ಕ್ಕೂ ಹೆಚ್ಚು ದೇಶಗಳ ಜೊತೆ ಹಸ್ತಾಂತರ ಒಪ್ಪಂದಗಳಿವೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಪಾಠ ಮಾಡುವಾಗ ಸಹೋದ್ಯೋಗಿಗಳು ಈ ಒಂದು ವಿಷಯವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮೂರೂ ಅಂಗಗಳು ಒಬ್ಬನೇ ಮನುಷ್ಯನ ಸುತ್ತ ನಿಲ್ಲುವುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಸರಕಾರ ಮಾತು ಕೊಡುತ್ತದೆ, ಸಂಸತ್ತು ಆ ಮಾತಿಗೆ ಮಿತಿ ಹಾಕುತ್ತದೆ, ನ್ಯಾಯಾಲಯ ಎದುರಿಗೆ ನಿಂತವನ ಮುಖ ನೋಡಿ ಕೇಳುತ್ತದೆ. ಆಮೇಲೆ ತರಗತಿಯನ್ನು ಎರಡು ಪಂಗಡ ಮಾಡಿ ಒಂದು ಚರ್ಚೆ ಇಡಿ: "ಹಸ್ತಾಂತರ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಸಂಸತ್ತಿನ ಮತ ಬೇಕೇ, ಬೇಡವೇ?" ಗಡಿಯ ಮಕ್ಕಳು ಎರಡೂ ಕಡೆ ನಿಂತು ನೋಡಬಲ್ಲವರು. ಚೆನ್ನಾಗಿಯೇ ಮಾತಾಡುತ್ತಾರೆ ಎಂಬ ನಂಬಿಕೆ ನನಗಿದೆ.